ಹೂಕುಂಡದ ಕಿರುಜೀವಿಗಳೂ ಕ್ಯಾಮೆರಾವೂ

ಕೀಟಗಳ ಛಾಯಾಗ್ರಹಣವೆಂಬ ಹವ್ಯಾಸಕ್ಕೆ ಮಹಾನಗರದ ಬಾಲ್ಕನಿಯ ನಾಲ್ಕು ಹೂಕುಂಡಗಳೇ ಸಾಕು. ಮ್ಯಾಕ್ರೋ ಮಸೂರವು ಜೀವಿಯ ನಿಜಗಾತ್ರದ ಬಿಂಬವನ್ನೇ ಕ್ಯಾಮೆರಾದೊಳಗೆ ಮೂಡಿಸಬಲ್ಲದು. ಆದರೆ ಅಷ್ಟು ಸಮೀಪದಲ್ಲಿ ಸ್ಪಷ್ಟವಾಗಿ ಮೂಡುವ ಆಳ ಒಂದೆರಡು ಮಿಲಿಮೀಟರು ಮಾತ್ರ. ಆದುದರಿಂದ ಮಸೂರದ ರಂಧ್ರವನ್ನು ಎಫ್/11ರಷ್ಟು ಕಿರಿದಾಗಿಸಿ, ಜೀವಿಯ ಕಣ್ಣಿಗೇ ಫೋಕಸ್ ಮಾಡಬೇಕು. ಕೀಟಗಳು ಜಡವಾಗಿರುವ ಮುಂಜಾನೆಯ ತಂಪು ಇದಕ್ಕೆ ಪ್ರಶಸ್ತ.

ಹೀಗೆ ನೋಡುವಾಗ ಜಿಗಿಯುವ ಜೇಡನ ಎಂಟು ಕಣ್ಣುಗಳು ಬೆರಗುಗೊಳಿಸುತ್ತವೆ. ಸೊಳ್ಳೆಯ ಕಪ್ಪು ಕಾಲಿನ ಬಿಳಿಪಟ್ಟೆಗಳು ಎಚ್ಚರಿಸುತ್ತವೆ. ಡೆಂಗಿಯನ್ನು ಹರಡುವ, ಹಗಲಿನಲ್ಲಿ ಕಚ್ಚುವ ಈಡಿಸ್ ಸೊಳ್ಳೆಯ ಗುರುತುಗಳಲ್ಲಿ ಅದೂ ಒಂದು. ಕುಂಡದ ತಟ್ಟೆಯಲ್ಲಿ ನಿಂತ ನೀರಿನಲ್ಲಿ ಅದರ ಮೊಟ್ಟೆ 7ರಿಂದ 10 ದಿನಗಳಲ್ಲಿ ಸೊಳ್ಳೆಯಾಗಬಲ್ಲದು. ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲದು. ಆದುದರಿಂದ ವಾರಕ್ಕೊಮ್ಮೆ ನೀರು ಚೆಲ್ಲಿ, ತಟ್ಟೆಯನ್ನು ಉಜ್ಜಿ ತೊಳೆಯಿರಿ. ಜೇಡನನ್ನು ಮಾತ್ರ ಉಳಿಸಿರಿ. ಸೊಳ್ಳೆಯೂ ಅದರ ಆಹಾರವೇ.