ಇಯರ್‌ಫೋನ್ ಕೊಳ್ಳುವ ಮುನ್ನ ಕಿವಿಯನ್ನೂ ಕೇಳಿ

ಇಂದು ಮನೆಯಲ್ಲಿ ಎಷ್ಟು ಜನರಿದ್ದಾರೋ ಹೆಚ್ಚುಕಡಿಮೆ ಅಷ್ಟೇ ಇಯರ್‌ಫೋನ್‌ಗಳಿರುತ್ತವೆ. ಮೇಜಿನ ಡ್ರಾಯರಿನಲ್ಲಿ ಒಂದು ಬದಿ ಕೇಳಿಸದೆ ಬಿದ್ದಿರುವ ಹಳೆಯವು ಬೇರೆ. ಮಗನಿಗೆ ಪಾಠ ಕೇಳಲು ಬೇಕು, ಮಗಳಿಗೆ ಕಚೇರಿಯ ಮೀಟಿಂಗಿಗೆ ಬೇಕು, ಅಜ್ಜನಿಗೆ ರಾತ್ರಿ ಕ್ರಿಕೆಟ್ ನೋಡಲು ಬೇಕು, ಅಮ್ಮನಿಗೆ ಬೆಳಗಿನ ವಾಯುವಿಹಾರದಲ್ಲಿ ದೇವರನಾಮ ಕೇಳಲು ಬೇಕು. 1979ರಲ್ಲಿ ಜಪಾನಿನ ಸೋನಿ ಕಂಪನಿ ವಾಕ್‌ಮನ್ ಅನ್ನು ಮಾರುಕಟ್ಟೆಗೆ ತಂದಾಗ ಹರೆಯದವರ ಶೋಕಿಯಂತೆ ಕಂಡದ್ದು ಈಗ ಕಾಲಿನ ಚಪ್ಪಲಿಯಷ್ಟೇ ಸಾಮಾನ್ಯ ವಸ್ತು. ಆದರೆ ಚಪ್ಪಲಿ ಕೊಳ್ಳುವಾಗ ಕಾಲಿಗೆ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು ನೋಡುವ ನಾವು ಇಯರ್‌ಫೋನನ್ನು ಮಾತ್ರ ಬಣ್ಣ, ಬೆಲೆ ಮತ್ತು ‘ಬಾಸ್’ ನೋಡಿ ಕೊಂಡುಬಿಡುತ್ತೇವೆ.

ಆರೋಗ್ಯದ ಅಂಕಣದಲ್ಲಿ ಅಂಗಡಿಯ ವಿಚಾರವೇಕೆ ಎಂದು ಓದುಗರು ಕೇಳಬಹುದು. ಕಾರಣವಿದೆ. ಕಿವಿಗೆ ಸರಿಯಾಗಿ ಕೂರದ ಇಯರ್‌ಫೋನು ನಮಗೆ ಅರಿವಿಲ್ಲದಂತೆ ನಮ್ಮ ಕೈಯಿಂದಲೇ ಶಬ್ದವನ್ನು ಏರಿಸುತ್ತದೆ. ಅರ್ಧ ಕೆಟ್ಟದ್ದು ಇನ್ನೂ ಹೆಚ್ಚು ಏರಿಸುತ್ತದೆ. ಆದ್ದರಿಂದ ಹಿತವಾಗಿ ಕೂರುವುದು, ಬಾಳಿಕೆ ಬರುವುದು ಇವೆರಡೂ ಬರಿಯ ಅನುಕೂಲದ ಮಾತಲ್ಲ, ಕಿವಿಯ ರಕ್ಷಣೆಯ ಮಾತು.

ಒಳಕಿವಿಯಲ್ಲಿ ಆಗುವುದೇನು?

ಹೊರಗಿನ ಶಬ್ದ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ಕಿವಿನಾಳದ ಮೂಲಕ ಹೋಗಿ ಕಿವಿತಮಟೆಯನ್ನು ಅದುರಿಸುತ್ತದೆ. ಆ ಅದುರು ಮೂರು ಪುಟ್ಟ ಮೂಳೆಗಳ ಮೂಲಕ ಒಳಕಿವಿಗೆ ದಾಟುತ್ತದೆ. ಅಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಎರಡೂವರೆ ಸುತ್ತು ಸುತ್ತಿಕೊಂಡಿರುವ, ಕಾಕ್ಲಿಯ ಎಂಬ ದ್ರವ ತುಂಬಿದ ಭಾಗವಿದೆ. ಅದರೊಳಗೆ ಕೂದಲಿನಂಥ ಸೂಕ್ಷ್ಮ ಎಳೆಗಳುಳ್ಳ ಜೀವಕೋಶಗಳು ಸಾಲಾಗಿ ನಿಂತಿವೆ. ಒಂದೊಂದು ಕಿವಿಯಲ್ಲಿ ಅವುಗಳ ಸಂಖ್ಯೆ ಸುಮಾರು 15 ಸಾವಿರ ಮಾತ್ರ. ಶಬ್ದದ ಅಲೆಗೆ ಈ ಎಳೆಗಳು ಬಾಗಿದಾಗ ಉಂಟಾಗುವ ವಿದ್ಯುತ್ ಸಂಕೇತವೇ ನರದ ಮೂಲಕ ಮಿದುಳನ್ನು ಸೇರಿ ನಮಗೆ ‘ಕೇಳಿಸುವುದು’.

ಗಾಳಿಗೆ ಬಾಗಿದ ಪೈರು ಮತ್ತೆ ನೆಟ್ಟಗಾಗುವಂತೆ ಈ ಕೋಶಗಳು ಸ್ವಲ್ಪ ವಿಶ್ರಾಂತಿ ಸಿಕ್ಕರೆ ಚೇತರಿಸಿಕೊಳ್ಳುತ್ತವೆ. ಜಾತ್ರೆಯಲ್ಲೋ ಮದುವೆಯ ಡಿಜೆ ಮುಂದೆಯೋ ನಿಂತು ಬಂದ ಮೇಲೆ ಕಿವಿ ಗುಂಯ್‌ಗುಟ್ಟಿ, ಬೆಳಗಾಗುವಷ್ಟರಲ್ಲಿ ಸರಿಹೋಗುವುದು ಇದೇ ಕಾರಣಕ್ಕೆ. ಆದರೆ ದಿನಾ ಅದೇ ಹೊಡೆತ ಬಿದ್ದರೆ ಕೋಶಗಳು ಸಾಯುತ್ತವೆ. ಪಕ್ಷಿಗಳಲ್ಲಿ ಈ ಕೋಶಗಳು ಮತ್ತೆ ಹುಟ್ಟುತ್ತವೆ, ಮನುಷ್ಯರಲ್ಲಿ ಹುಟ್ಟುವುದಿಲ್ಲ. ಯಾವ ಮಾತ್ರೆಯಿಂದಲೂ ಟಾನಿಕ್ಕಿನಿಂದಲೂ ಅವನ್ನು ಮರಳಿ ತರಲಾಗದು.

ಹಾನಿ ಮೊದಲು ತಟ್ಟುವುದು ಎತ್ತರದ ಸ್ವರಗಳನ್ನು ಗ್ರಹಿಸುವ ಭಾಗಕ್ಕೆ. ಆದ್ದರಿಂದ ಆರಂಭದಲ್ಲಿ ಕಿವುಡು ಎಂದೇ ತಿಳಿಯುವುದಿಲ್ಲ. ಮಾತು ಕೇಳಿಸುತ್ತದೆ, ಸ್ಪಷ್ಟವಾಗುವುದಿಲ್ಲ. ‘ಸ’, ‘ಶ’ದಂಥ ತೆಳು ಅಕ್ಷರಗಳು ಜಾರಿಹೋಗುತ್ತವೆ, ‘ಸಾಲು’ ಎಂದದ್ದು ‘ಹಾಲು’ ಎಂದು ಕೇಳಬಹುದು. ತರಗತಿಯಲ್ಲಿ ಹುಡುಗ ಗಮನ ಕೊಡುವುದಿಲ್ಲ ಎಂಬ ದೂರು ಬಂದಾಗ ಅವನ ಕಿವಿಯ ಬಗ್ಗೆ ಯೋಚಿಸುವ ತಂದೆತಾಯಿ ಕಡಿಮೆ.

ಎಷ್ಟು ಶಬ್ದ, ಎಷ್ಟು ಹೊತ್ತು?

ಶಬ್ದದ ಮಟ್ಟವನ್ನು ಡೆಸಿಬೆಲ್ ಎಂಬ ಮಾನದಲ್ಲಿ ಅಳೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು ವಾರಕ್ಕೆ 40 ಗಂಟೆ ಕೇಳುವುದಾದರೆ ಶಬ್ದ 80 ಡೆಸಿಬೆಲ್ ಮೀರಬಾರದು. ಮಕ್ಕಳಿಗೆ ಈ ಮಿತಿ 75. ಈ ಮಾನ ರೂಪಾಯಿ ಪೈಸೆಯ ಲೆಕ್ಕದಂತೆ ನಡೆಯುವುದಿಲ್ಲ ಎಂಬುದನ್ನು ಗಮನಿಸಬೇಕು. ಮೂರೇ ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಇಮ್ಮಡಿಯಾಗುತ್ತದೆ, ಕೇಳಬಹುದಾದ ಅವಧಿ ಅರ್ಧಕ್ಕಿಳಿಯುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ, 89ಕ್ಕೆ 5 ಗಂಟೆ. ಹೀಗೆ ಲೆಕ್ಕ ಹಾಕುತ್ತ ಹೋದರೆ 101 ಡೆಸಿಬೆಲ್‌ನಲ್ಲಿ ಇಡೀ ವಾರಕ್ಕೆ 20 ನಿಮಿಷವೂ ದಕ್ಕುವುದಿಲ್ಲ. ಪೂರ್ತಿ ಏರಿಸಿದಾಗ 100 ಡೆಸಿಬೆಲ್ ದಾಟುವ ಸಾಧನಗಳು ನಮ್ಮ ಮನೆಗಳಲ್ಲಿ ಧಾರಾಳವಾಗಿವೆ. 12ರಿಂದ 35 ವರ್ಷದೊಳಗಿನ ನೂರು ಕೋಟಿಗೂ ಹೆಚ್ಚು ಜನರ ಶ್ರವಣಶಕ್ತಿ ಇಂಥ ಅಭ್ಯಾಸಗಳಿಂದ ಅಪಾಯದಲ್ಲಿದೆ ಎಂದು ಇದೇ ಸಂಸ್ಥೆ 2022ರಲ್ಲಿ ಎಚ್ಚರಿಸಿತು.

ಹಾಗಾದರೆ ಶಬ್ದ ಕಡಿಮೆ ಇಟ್ಟರೆ ಸಾಕಲ್ಲವೇ? ಸಾಕು. ಆದರೆ ಕಡಿಮೆ ಇಡಲು ಇಯರ್‌ಫೋನು ಬಿಡಬೇಕಲ್ಲ! ಅದು ಕಿವಿಯಲ್ಲಿ ಸಡಿಲವಾಗಿ ಕೂತರೆ ಎರಡು ತೊಂದರೆ. ಒಳಗಿನ ತಗ್ಗು ಸ್ವರಗಳು ಸಂದಿಯಿಂದ ಸೋರಿಹೋಗಿ ಹಾಡು ಸಪ್ಪೆಯೆನಿಸುತ್ತದೆ. ಹೊರಗಿನ ಗದ್ದಲ ಅದೇ ಸಂದಿಯಿಂದ ಒಳಬರುತ್ತದೆ. ಮನೆಯಲ್ಲಿ ಐದಾರು ಗೀಟಿನಲ್ಲಿ ಹಿತವಾಗಿ ಕೇಳುತ್ತಿದ್ದವರು ಬಸ್ಸು ಹತ್ತಿದ ಕೂಡಲೇ ಎಂಜಿನ್ನಿನ ಸದ್ದನ್ನು ಮೀರಿಸಲು ಹನ್ನೆರಡಕ್ಕೆ ಏರಿಸುತ್ತಾರೆ. ಇಳಿದ ಮೇಲೆ ತಗ್ಗಿಸಲು ನೆನಪಾಗುವುದಿಲ್ಲ. ಬಿಗಿಯಾಗಿ ಕೂತ ಇಯರ್‌ಫೋನಿನಲ್ಲಿ ಗದ್ದಲ ಹೊರಗೇ ಉಳಿಯುವುದರಿಂದ ಸಣ್ಣ ಶಬ್ದವೂ ಸ್ಪಷ್ಟ.

ಅಂಗಡಿಯಲ್ಲಿ ನೋಡಬೇಕಾದದ್ದು

‘ಯಾವುದ್ರಲ್ಲಿ ಸೌಂಡ್ ಜಾಸ್ತಿ ಬರುತ್ತೆ, ಅದನ್ನೇ ಕೊಡಣ್ಣ’ ಎನ್ನುವ ಬದಲು ‘ಇದರ ಜೊತೆ ಎಷ್ಟು ಸೈಜಿನ ರಬ್ಬರ್ ಬರುತ್ತೆ?’ ಎಂದು ಕೇಳಿ. ಕಿವಿಯೊಳಗೆ ತೂರಿಸುವ ಬಗೆಯದಾದರೆ ಚಿಕ್ಕದು, ಮಧ್ಯಮ, ದೊಡ್ಡದು ಎಂದು ಮೂರು ಜೊತೆ ಸಿಲಿಕೋನ್ ತುದಿಗಳಾದರೂ ಇರಬೇಕು. ಹೆಚ್ಚಿನವರು ಮಧ್ಯಮವನ್ನೇ ಬಳಸಿ ಉಳಿದವನ್ನು ಪೆಟ್ಟಿಗೆಯೊಂದಿಗೆ ಎಸೆಯುತ್ತಾರೆ. ಒಬ್ಬರದೇ ಎಡಗಿವಿ ಬಲಗಿವಿಯ ಅಳತೆ ಬೇರೆ ಇರಬಹುದು. ಒಂದಕ್ಕೆ ಚಿಕ್ಕದು, ಇನ್ನೊಂದಕ್ಕೆ ಮಧ್ಯಮ ಹಾಕಿದರೆ ತಪ್ಪೇನಿಲ್ಲ.

ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ಹಾಡು ಹಾಕದೆಯೇ ‘ಊಂ’ ಎನ್ನಿ. ನಿಮ್ಮ ದನಿ ಕೊಡದೊಳಗೆ ಮಾತಾಡಿದಂತೆ ಗುಂಯ್ ಎಂದರೆ ಸಂದಿಯಿಲ್ಲ ಎಂದರ್ಥ. ನಂತರ ಬಾಯಿ ಅಗಲಿಸಿ, ಅಗಿಯುವಂತೆ ದವಡೆ ಆಡಿಸಿ. ದವಡೆ ಆಡಿದಾಗ ಕಿವಿನಾಳದ ಆಕಾರ ತುಸು ಬದಲಾಗುತ್ತದೆ. ಆಗ ಜಾರಿದರೆ ಅಳತೆ ಸರಿಯಿಲ್ಲ. ಒತ್ತಿ ನೋಯುವಷ್ಟು ದೊಡ್ಡದೂ ಬೇಡ. ಐದು ನಿಮಿಷದಲ್ಲಿ ನೋಯುವುದು ‘ಹಾಕಿ ಹಾಕಿ ಅಭ್ಯಾಸ’ವಾಗುವುದಿಲ್ಲ.

ಮನೆಯಲ್ಲೇ ಕೂತು ಗಂಟೆಗಟ್ಟಲೆ ಪಾಠ ಅಥವಾ ಮೀಟಿಂಗ್ ಇರುವವರಿಗೆ ಕಿವಿಯನ್ನು ಪೂರ್ತಿ ಒಳಗಿಟ್ಟುಕೊಳ್ಳುವ ದೊಡ್ಡ ಹೆಡ್‌ಫೋನ್ ವಾಸಿ. ನಾಳದೊಳಗೆ ಏನನ್ನೂ ತುರುಕಬೇಕಿಲ್ಲ. ಆದರೆ ಕಿವಿಯ ಆಲೆಯ ಮೇಲೆ ಒತ್ತಿ ಕೂರುವ ಚಿಕ್ಕ ದಿಂಬಿನವು ಬೇರೆ ಜಾತಿ. ಅವು ಅಗ್ಗ, ಗಂಟೆ ಕಳೆಯುವುದರೊಳಗೆ ಆಲೆ ನೋಯುತ್ತದೆ. ಕನ್ನಡಕ ಹಾಕುವವರು ಕನ್ನಡಕ ಹಾಕಿಕೊಂಡೇ ಪರೀಕ್ಷಿಸಬೇಕು. ಕಡ್ಡಿಯ ಪಕ್ಕ ಸಂದಿ ಉಳಿದರೆ ಶಬ್ದ ಸೋರುತ್ತದೆ, ದಿಂಬು ಗಟ್ಟಿಯಾಗಿದ್ದರೆ ಕಡ್ಡಿ ತಲೆಗೆ ಒತ್ತುತ್ತದೆ. ನಮ್ಮ ಬೇಸಿಗೆಯಲ್ಲಿ ಕೃತಕ ಚರ್ಮದ ದಿಂಬು ಬೆವರುವುದೂ ನಿಜ. ಬಟ್ಟೆಯ ಹೊದಿಕೆ ತಂಪು, ಆದರೆ ಗದ್ದಲವನ್ನು ಅಷ್ಟಾಗಿ ತಡೆಯದು.

ಪೆಟ್ಟಿಗೆಯ ಮೇಲಿನ ಅಂಕಿಗಳಿಗೆ ಮರುಳಾಗಬೇಕಿಲ್ಲ. ‘20ರಿಂದ 20,000 ಹರ್ಟ್ಸ್’ ಎಂಬುದು ಮನುಷ್ಯನ ಕಿವಿಯ ವ್ಯಾಪ್ತಿ. ನೂರು ರೂಪಾಯಿಯದರ ಮೇಲೂ ಅದನ್ನೇ ಅಚ್ಚು ಹಾಕಿರುತ್ತಾರೆ. ಇನ್ನೊಂದು ಗೊಂದಲ ‘ಇಎನ್‌ಸಿ’ ಮತ್ತು ‘ಎಎನ್‌ಸಿ’ಯದು. ಇಎನ್‌ಸಿ ಎಂದರೆ ನೀವು ಫೋನಿನಲ್ಲಿ ಮಾತಾಡುವಾಗ ಆ ಕಡೆಯವರಿಗೆ ನಿಮ್ಮ ಸುತ್ತಲಿನ ಗದ್ದಲ ಕೇಳದಂತೆ ಮಾಡುವ ಏರ್ಪಾಡು. ಅದರಿಂದ ನಿಮ್ಮ ಕಿವಿಗೇನೂ ಲಾಭವಿಲ್ಲ. ನಿಮಗೆ ಕೇಳುವ ಗದ್ದಲವನ್ನು ಕುಗ್ಗಿಸುವುದು ಎಎನ್‌ಸಿ. ಅದು ಬಸ್ಸಿನ ಎಂಜಿನ್, ಫ್ಯಾನಿನಂಥ ಒಂದೇ ಸಮನೆಯ ಸದ್ದಿಗೆ ಒಳ್ಳೆಯದು, ಮಾತಿನ ಗಲಾಟೆಗೆ ಅಷ್ಟಿಲ್ಲ. ಕೈಯಲ್ಲಿ ಹಣ ಕಡಿಮೆ ಇದ್ದರೆ ಎಎನ್‌ಸಿ ಬಿಡಿ, ಸರಿಯಾದ ಅಳತೆಯ ರಬ್ಬರನ್ನು ಬಿಡಬೇಡಿ.

ಬಾಳಿಕೆಯ ಲೆಕ್ಕ

ವೈರಿನದೋ ವೈರಿಲ್ಲದ್ದೋ ಎಂಬ ಪ್ರಶ್ನೆಗೆ, ದುಡ್ಡು ಎಣಿಸಿ ಖರ್ಚು ಮಾಡುವ ಮನೆಗೆ ನನ್ನ ಉತ್ತರ ವೈರಿನದೇ. ವೈರಿಲ್ಲದ ಪುಟ್ಟ ಗುಂಡಿಗಳೊಳಗೆ ಇನ್ನೂ ಪುಟ್ಟ ಲಿಥಿಯಂ ಬ್ಯಾಟರಿಗಳಿರುತ್ತವೆ. ದಿನಾ ಚಾರ್ಜ್ ಮಾಡಿದಂತೆ ಅವುಗಳ ಕಸುವು ಕುಗ್ಗುತ್ತದೆ, ಬಹುಪಾಲು ಮಾದರಿಗಳಲ್ಲಿ ಬ್ಯಾಟರಿ ಬದಲಿಸಲು ಬರುವುದಿಲ್ಲ. ಒಂದು ಗುಂಡಿ ಕಳೆದರೆ ಇನ್ನೊಂದು ಅನಾಥ. ವ್ಯಾಯಾಮ, ಅಡುಗೆ ಕೆಲಸಗಳ ನಡುವೆ ಬಳಸುವವರಿಗೆ ವೈರಿಲ್ಲದ್ದೇ ಅನುಕೂಲವೆಂದಾದರೆ ಬೆವರು ತಡೆಯುವ ‘ಐಪಿಎಕ್ಸ್4’ ಗುರುತು ಮತ್ತು ಬಿಐಎಸ್ ನೋಂದಣಿ ಸಂಖ್ಯೆ ಇದೆಯೇ ನೋಡಿ.

ವೈರಿನದು ಸಾಯುವುದು ಸಾಮಾನ್ಯವಾಗಿ ಮೂರೇ ಜಾಗದಲ್ಲಿ: ಪಿನ್ನಿನ ಕುತ್ತಿಗೆ, ವೈರು ಎರಡಾಗಿ ಕವಲೊಡೆಯುವ ಜಾಗ, ಕಿವಿಯ ಗುಂಡಿಯ ಬುಡ. ಈ ಮೂರು ಕಡೆ ಬಾಗುವಂಥ ಮೆದು ರಬ್ಬರಿನ ಕಾಪು ಇರಬೇಕು. ಫೋನನ್ನು ಜೇಬಿನಲ್ಲಿಟ್ಟು ಕೇಳುವವರಿಗೆ ನೆಟ್ಟಗಿನ ಪಿನ್ನಿಗಿಂತ ಮೊಣಕೈಯಂತೆ ಮಡಚಿದ ಪಿನ್ನು ಬಾಳಿಕೆ ಬರುತ್ತದೆ. ಈಚಿನ ಹಲವು ಫೋನುಗಳಲ್ಲಿ ದುಂಡು ಪಿನ್ನಿನ ತೂತೇ ಇಲ್ಲ, ಟೈಪ್-ಸಿ ಬೇಕು. ಪಿನ್ ಬದಲಿಸುವ ಚಿಕ್ಕ ಅಡಾಪ್ಟರುಗಳು ಎಲ್ಲ ಫೋನಿಗೂ ಹೊಂದುವುದಿಲ್ಲವಾದ್ದರಿಂದ ಅಂಗಡಿಯಲ್ಲೇ ನಿಮ್ಮ ಫೋನಿಗೆ ಸಿಕ್ಕಿಸಿ ನೋಡಿ ಹಣ ಕೊಡಿ. ಬಳಸಿದ ಮೇಲೆ ಫೋನಿನ ಸುತ್ತ ಬಿಗಿಯಾಗಿ ಸುತ್ತುವುದು, ವೈರು ಹಿಡಿದು ಎಳೆಯುವುದು ಬಿಟ್ಟರೆ ಸಾಧಾರಣ ಬೆಲೆಯದೂ ವರ್ಷಗಟ್ಟಲೆ ಬರುತ್ತದೆ. ದೊಡ್ಡ ಹೆಡ್‌ಫೋನಿನಲ್ಲಿ ದಿಂಬುಗಳು ಕಳಚಿ ಬದಲಿಸುವಂತಿರಲಿ. ಮಡಚುವ ಕೀಲು ಸಡಿಲವಿದ್ದರೆ ಕೊಳ್ಳಬೇಡಿ.

ಒಂದು ಬದಿ ಸತ್ತ ಇಯರ್‌ಫೋನನ್ನು ‘ಇನ್ನೂ ಕೇಳುತ್ತಲ್ಲ’ ಎಂದು ತಿಂಗಳುಗಟ್ಟಲೆ ಬಳಸುವುದು ಉಳಿತಾಯವಲ್ಲ. ಎರಡೂ ಕಿವಿಗೆ ಬಿದ್ದ ಶಬ್ದ ಒಂದೇ ಕಿವಿಗೆ ಬಿದ್ದದ್ದಕ್ಕಿಂತ ಜೋರಾಗಿ ಕೇಳುತ್ತದೆ. ಒಂದು ಬದಿ ಹೋದಾಗ ಅದನ್ನು ಸರಿದೂಗಿಸಲು ಶಬ್ದ ಏರಿಸುತ್ತೇವೆ. ಪೆಟ್ಟೆಲ್ಲ ಆ ಒಂದೇ ಕಿವಿಗೆ.

ಮಕ್ಕಳು ಮತ್ತು ಹಿರಿಯರು

2020ರ ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠದ ನೆಪದಲ್ಲಿ ಮಕ್ಕಳ ಕಿವಿಗೇರಿದ ಇಯರ್‌ಫೋನು ಹಲವು ಮನೆಗಳಲ್ಲಿ ಮತ್ತೆ ಇಳಿಯಲಿಲ್ಲ. ಮಕ್ಕಳಿಗೆಂದೇ ಮಾರುವ, 85 ಡೆಸಿಬೆಲ್‌ಗೆ ಮಿತಿ ಹಾಕಿದ ಹೆಡ್‌ಫೋನ್‌ಗಳಿವೆ. ಮಿತಿಯಿದೆಯೆಂದು ದಿನವಿಡೀ ಬಿಡಬಹುದೆಂದಲ್ಲ; ಮೇಲೆ ಹೇಳಿದ 75ರ ಲೆಕ್ಕ ಮರೆಯಬಾರದು. ಹಲವು ಫೋನುಗಳ ಸೆಟ್ಟಿಂಗಿನಲ್ಲೇ ಶಬ್ದಕ್ಕೆ ಮೇಲ್ಮಿತಿ ಹಾಕುವ ಅವಕಾಶವಿದೆ, ಅದಕ್ಕೆ ಕಾಸೂ ಬೇಡ. ಮಗು ಹೆಡ್‌ಫೋನ್ ಹಾಕಿಕೊಂಡಿರುವಾಗ ಒಂದು ಮಾರು ದೂರದಿಂದ ಮಾಮೂಲಿ ದನಿಯಲ್ಲಿ ‘ಪುಟ್ಟಾ’ ಎಂದು ಕರೆಯಿರಿ. ಕೇಳಿಸದಿದ್ದರೆ ಶಬ್ದ ತಗ್ಗಿಸಬೇಕು.

ಅಜ್ಜನ ಟಿವಿ ಸದ್ದು ಬೀದಿಗೆ ಕೇಳುತ್ತದೆಂದು ಹೆಡ್‌ಫೋನ್ ತಂದುಕೊಡುವವರು ಮೊದಲು ಒಮ್ಮೆ ಶ್ರವಣ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದಕ್ಕೆ ಹೆಸರಾದ ಜಾಗ. ಅಜ್ಜನಿಗೆ ಬೇಕಿರುವುದು ಹೆಡ್‌ಫೋನಲ್ಲ, ಶ್ರವಣ ಸಾಧನ ಎಂದಾದರೆ ಟಿವಿಯ ಸದ್ದಿನ ಜಗಳ ಮಾತ್ರವಲ್ಲ, ಊಟದ ಹೊತ್ತಿನಲ್ಲಿ ಅವರು ಮಾತಿಲ್ಲದೆ ಕೂರುವುದೂ ತಪ್ಪೀತು.

ಗುಗ್ಗೆ, ತೇವ, ಬೂಸ್ಟು

ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಕಿವಿಯಲ್ಲಿ ಬೂಸ್ಟು ಬೆಳೆದು ತುರಿಕೆಯಾಗುವುದು ಸಾಮಾನ್ಯ. ಸ್ನಾನ ಮಾಡಿ ಒದ್ದೆ ಕಿವಿಗೇ ರಬ್ಬರ್ ತುರುಕಿದರೆ ಅದಕ್ಕೆ ನಾವೇ ನೆಲ ಹದ ಮಾಡಿಕೊಟ್ಟಂತೆ. ಕಿವಿ ಸೋರುತ್ತಿರುವವರು, ತಮಟೆಯಲ್ಲಿ ತೂತು ಇರುವವರು ಒಳಗೆ ತೂರಿಸುವ ಬಗೆಯದನ್ನು ಬಳಸಬಾರದು. ಒಬ್ಬರದನ್ನು ಇನ್ನೊಬ್ಬರು ಹಾಕಿಕೊಳ್ಳುವುದೂ ಬೇಡ. ಮನೆಯವರೇ ಆದರೂ ತುದಿಯ ರಬ್ಬರಾದರೂ ಬೇರೆ ಇರಲಿ. ವಾರಕ್ಕೊಮ್ಮೆ ಆ ರಬ್ಬರುಗಳನ್ನು ಕಳಚಿ ಸೋಪಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಗುಂಡಿಯ ಜಾಲರಿಯನ್ನು ಒಣ ಮೆದು ಬ್ರಷ್ಷಿನಿಂದ ಉಜ್ಜಿ. ಆದರೆ ಕಿವಿಯೊಳಗಿನ ಗುಗ್ಗೆಯನ್ನು ಕಡ್ಡಿ, ಪಿನ್ನು, ಹತ್ತಿಯ ಬಡ್ಸ್ ಹಾಕಿ ತೆಗೆಯಲು ಹೋಗಬೇಡಿ. ಅದು ಇನ್ನೂ ಒಳಕ್ಕೆ ಹೋಗಿ ಗಟ್ಟಿಯಾಗುತ್ತದೆ.

ಒಂದು ಬದಿ ಮಂದವಾಗಿ ಕೇಳತೊಡಗಿದರೆ ಶಬ್ದ ಏರಿಸುವ ಮೊದಲು ಜಾಲರಿ ನೋಡಿ, ಬಹಳ ಸಲ ಗುಗ್ಗೆ ಕಟ್ಟಿರುವುದೇ ಕಾರಣ. ಆಮೇಲೆ ಎಡದ್ದನ್ನು ಬಲಗಿವಿಗೂ ಬಲದ್ದನ್ನು ಎಡಗಿವಿಗೂ ಹಿಡಿದು ನೋಡಿ. ಮಂದವಾದ ಬದಿ ಬದಲಾದರೆ ಕೆಟ್ಟಿರುವುದು ಇಯರ್‌ಫೋನು. ಬದಲಾಗದೆ ಅದೇ ಕಿವಿಯಲ್ಲಿ ಉಳಿದರೆ ದೋಷ ಕಿವಿಯದು. ಮೆಲ್ಲಗೆ ಬಂದದ್ದಾದರೆ ಗುಗ್ಗೆಯಿರಬಹುದು, ವೈದ್ಯರು ತೆಗೆಯುತ್ತಾರೆ. ನಿನ್ನೆ ಚೆನ್ನಾಗಿದ್ದ ಕಿವಿ ಇಂದು ಏಕಾಏಕಿ ಕೇಳದಾಗಿದ್ದರೆ ಮಾತ್ರ ಎಣ್ಣೆ ಬಿಟ್ಟುಕೊಂಡು ಕಾಯಬೇಡಿ. ಒಂದೆರಡು ದಿನದೊಳಗೇ ಕಿವಿ, ಮೂಗು, ಗಂಟಲು ತಜ್ಞರನ್ನು ಕಾಣಬೇಕು. ಇಂಥ ಕಿವುಡಿಗೆ ಚಿಕಿತ್ಸೆ ಬೇಗ ಶುರುವಾದಷ್ಟೂ ಗುಣವಾಗುವ ಸಾಧ್ಯತೆ ಹೆಚ್ಚು.