ಎರೆಯ ಮೇಲೊಂದು ಅಂಗಳ

ಮುಂಗಾರು ಹಿಡಿದರೆ ರೋಣದ ಎರೆ ಕಾಲಿನ ಚಪ್ಪಲಿ ಕಿತ್ತುಕೊಳ್ಳುತ್ತದೆ. ಬೇಸಿಗೆಗೆ ಅದೇ ನೆಲ ಕೈ ತೂರುವಷ್ಟು ಬಾಯಿ ಬಿಡುತ್ತದೆ. ನೀರು ಕುಡಿದು ಉಬ್ಬುವ, ಒಣಗಿ ಕುಗ್ಗುವ ಈ ಮಣ್ಣಿನ ಮೇಲೆ ನೇರವಾಗಿ ಕಾಂಕ್ರೀಟ್ ಸುರಿದರೆ ಅದು ಸೀಳದೆ ಇರುವುದೇ ವಿಶೇಷ. ಸೀಳಿದಾಗ ನಾವು ಗೌಂಡಿಯನ್ನು ಬೈಯುತ್ತೇವೆ, ಸಿಮೆಂಟನ್ನು ಬೈಯುತ್ತೇವೆ. ತಪ್ಪು ಇರುವುದು ಕೆಳಗೆ.

ಇದೇ ಪೇಚಾಟ ಮಲಪ್ರಭಾ ಕಾಲುವೆಗೂ ಇತ್ತು. ಎರೆಯಲ್ಲಿ ಲೈನಿಂಗ್ ಎದ್ದು ಒಡೆಯುವ ರೋಗಕ್ಕೆ ಮುಂಬಯಿ ಐಐಟಿಯ ಪ್ರೊ. ಆರ್.ಕೆ. ಕಟ್ಟಿ ಹೇಳಿದ ಮದ್ದು, ನಡುವೆ ಉಬ್ಬದ ಆದರೆ ಅಂಟುಗುಣವಿರುವ ಮಣ್ಣಿನ ಪದರ ಹಾಕುವುದು. ಅಂಗಳದ ಮಟ್ಟಿಗೆ ಅದನ್ನು ಗರಸು ಎಂದುಕೊಳ್ಳಿ. ಒಂದಡಿ ಎರೆ ತೆಗೆದು ಹಿತ್ತಲ ಗಿಡಗಳಿಗೆ ಸುರಿಯಿರಿ, ಅದು ಬಂಗಾರ. ಆ ತಗ್ಗಿಗೆ ನಾಲ್ಕು ನಾಲ್ಕು ಇಂಚಿನಂತೆ ಗರಸು ಹಾಕಿ, ನೀರು ಚಿಮುಕಿಸಿ ದಿಮ್ಮಸಿನಿಂದ ಬಡಿಯಿರಿ. ಮೇಲೆ ಒಂದೂವರೆ ಇಂಚು ಉಸುಕು. ಗೋಡೆಯಿಂದ ಹೊರಕ್ಕೆ ಮೀಟರಿಗೆ 2 ಸೆಂ.ಮೀ. ಇಳಿಜಾರು ಮರೆತರೆ ನೀರು ಬುನಾದಿಗೆ ಇಳಿದು ಅಲ್ಲಿಯ ಎರೆ ಉಬ್ಬುತ್ತದೆ.

ಹಾಸಲು ಏನು? ನನ್ನ ಮತ ಶಹಾಬಾದ್ ಫರಸಿಗೆ. ಸಂದಿಗೆ ಸಿಮೆಂಟ್ ಬೇಡ, ಉಸುಕು ಸಾಕು; ನೆಲ ಅಲುಗಿದರೆ ಕಲ್ಲೂ ತುಸು ಅಲುಗಿ ಸುಮ್ಮನಾಗುತ್ತದೆ, ಕುಸಿದ ಒಂದನ್ನೇ ಎತ್ತಿ ಮತ್ತೆ ಕೂರಿಸಬಹುದು. ಅದು ಸುಣ್ಣದ ಕಲ್ಲು, ಆ್ಯಸಿಡ್ ಮಾತ್ರ ತಾಗಿಸಬೇಡಿ. ಇಳಕಲ್ಲಿನ ಕೆಂಪು ಗ್ರಾನೈಟ್ ಚೆಂದವೇ, ಆದರೆ ಪಾಲಿಶ್ ಮಾಡಿದ್ದು ಮಳೆಯಲ್ಲಿ ಜಾರುತ್ತದೆ. ಒರಟು ಮೈಯದು ಕೇಳಿ. ಪೇವರ್ಸ್ ಆದರೆ ನಡೆದಾಡಲು 60 ಮಿ.ಮೀ., ಟ್ರ್ಯಾಕ್ಟರ್ ಒಳಗೆ ಬರುವುದಾದರೆ 80. ಗಜೇಂದ್ರಗಡದ ಗುಡ್ಡದ ಬದಿಯ ಮಸಾರಿಯವರಿಗೆ ಇಷ್ಟೆಲ್ಲ ಉಸಾಬರಿ ಇಲ್ಲ, ಪುಣ್ಯವಂತರು.

ನರಗುಂದದವರಿಗೆ ಮಾತ್ರ ಒಂದು ಕೆಲಸ ಹೆಚ್ಚು. ಹಳೆಯ ಓಣಿಗಳಲ್ಲಿ ನೆಲದಡಿ ಜೋಳ ತುಂಬುತ್ತಿದ್ದ ಹಗೇವುಗಳು ಮುಚ್ಚಿಹೋಗಿ ಮರೆತುಹೋಗಿವೆ. ಅಂತರ್ಜಲ ಮೇಲೇರಿ, ಇತ್ತೀಚಿನ ವರ್ಷಗಳಲ್ಲಿ ಮನೆಯೊಳಗೂ ರಸ್ತೆಯಲ್ಲೂ ನೆಲ ದಿಢೀರನೆ ಕುಸಿದದ್ದು ಅಲ್ಲಿಯವರಿಗೆ ಹೊಸ ಸುದ್ದಿಯಲ್ಲ. ಫರಸಿಯ ಗಾಡಿ ಬರುವ ಮೊದಲೇ ಮನೆಯ ಹಿರಿಯಜ್ಜಿಯನ್ನು ಅಂಗಳಕ್ಕೆ ಕರೆತನ್ನಿ, ಹಗೇವು ಎಲ್ಲಿತ್ತೆಂದು ಕೇಳಿ. ಅವಳು ಬೆರಳು ತೋರಿದಲ್ಲಿ ಹಾರೆಯಿಂದ ಕುಟ್ಟಿ ನೋಡಿ. ಪೊಳ್ಳು ಸದ್ದು ಬಂದರೆ ಫರಸಿ ಹಾಸುವುದು ಆಮೇಲಿನ ಮಾತು.