ಗುಡ್ಡ ಕುಸಿದ ಮೇಲೆ ಮನಸ್ಸಿನ ಆರೈಕೆ

೨೦೨೧ರ ಜುಲೈ ತಿಂಗಳ ಅತಿವೃಷ್ಟಿಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಜರಿದು, ತಲೆಮಾರುಗಳಿಂದ ಸಾಕಿದ ಅಡಿಕೆ ತೋಟಗಳು ಮಣ್ಣುಪಾಲಾದವು. ಅದೇ ಮಳೆಗೆ ಗಂಗಾವಳಿಯ ಪ್ರವಾಹವು ಗುಳ್ಳಾಪುರದ ಸೇತುವೆಯನ್ನು ಕೊಚ್ಚಿಕೊಂಡು ಹೋಯಿತು. ಬಿದ್ದ ಗೋಡೆಗೂ ಹೋದ ಮರಕ್ಕೂ ಸರಕಾರದ ಕಡತದಲ್ಲಿ ಲೆಕ್ಕವುಂಟು; ಗುಡ್ಡ ಜರಿಯುವ ಸದ್ದು ಕೇಳಿದವರ ಮನಸ್ಸಿಗಾದ ಗಾಯಕ್ಕೆ ಅಲ್ಲಿ ಲೆಕ್ಕವಿಲ್ಲ. ಶಿರಸಿ, ಸಿದ್ದಾಪುರಗಳ ಘಟ್ಟದಂಚಿನ ಮನೆಗಳಲ್ಲಿಯೂ ಮಳೆಗಾಲದ ಈ ಅಂಜಿಕೆ ಅಪರಿಚಿತವಲ್ಲ.

ಇದಕ್ಕೆ ವೈದ್ಯರು ಮಾನಸಿಕ ಆಘಾತವೆನ್ನುತ್ತಾರೆ. ಮರುವರ್ಷದ ಮೊದಲ ಗುಡುಗಿಗೆ ಎದೆ ಡವಗುಟ್ಟುವುದು, ಹೆಂಚಿನ ಮೇಲೆ ಮಳೆ ಜೋರಾದೊಡನೆ ಎದ್ದು ಕುಳಿತು ಬೆಳಗು ಮಾಡುವುದು, ಕಂಡ ದೃಶ್ಯವೇ ಕನಸಿನಲ್ಲಿ ಮರುಕಳಿಸುವುದು, ತೋಟದ ದಾರಿಯನ್ನೇ ತುಳಿಯದಿರುವುದು ಇದರ ಲಕ್ಷಣಗಳು. ಮಕ್ಕಳು ಹಾಸಿಗೆ ಒದ್ದೆಮಾಡಿಕೊಳ್ಳುತ್ತಾರೆ, ತಾಯಿಯ ಸೆರಗು ಬಿಡುವುದಿಲ್ಲ. ಗಂಡಸರಲ್ಲಿ ಕೆಲವೊಮ್ಮೆ ಇದು ಕುಡಿತದ ರೂಪ ತಾಳುತ್ತದೆ. ಮನೆಯವರು ಕುಡಿತವನ್ನು ಬೈಯುತ್ತಾರೆ, ಕಾರಣವನ್ನು ಕೇಳುವುದಿಲ್ಲ. ಮೊದಲ ಕೆಲವು ವಾರ ಹೀಗಾಗುವುದು ಸಹಜ, ಬಹುಮಂದಿಗೆ ತಾನಾಗಿಯೇ ತಗ್ಗುತ್ತದೆ. ತಿಂಗಳು ಮೀರಿಯೂ ನಿಲ್ಲದೆ ನಿತ್ಯದ ಕಾಯಕಕ್ಕೆ ಅಡ್ಡಿಯಾದರೆ ಚಿಕಿತ್ಸೆ ಬೇಕು.

ನೊಂದ ಮನೆಗೆ ಹೋಗಿಬರುವುದು ನಮ್ಮಲ್ಲಿ ಒಳ್ಳೆಯ ರೂಢಿ. ಆದರೆ ಹೋದವರೆಲ್ಲ "ಹೇಗಾಯಿತು, ಮೊದಲಿಂದ ಹೇಳಿ" ಎಂದು ಕೆದಕುವುದುಂಟು. ಇದು ಅನುಕಂಪವಲ್ಲ, ಕುತೂಹಲ. ವಿಶ್ವ ಆರೋಗ್ಯ ಸಂಸ್ಥೆಯು ೨೦೧೧ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯೂ ನೊಂದವರನ್ನು ಹೇಳುವಂತೆ ಒತ್ತಾಯಿಸಬಾರದೆನ್ನುತ್ತದೆ. ಅವರಿಗೆ ಬೇಕಾದದ್ದು ಸುರಕ್ಷಿತವಾದ ತಾವು, ಬಿಸಿ ಊಟ, ಪರಿಹಾರದ ಕಾಗದಪತ್ರಗಳಿಗಾಗಿ ಓಡಾಡಲು ಒಬ್ಬ ಜೊತೆಗಾರ. ತಾವಾಗಿಯೇ ಮಾತೆತ್ತಿದರೆ ಅಡ್ಡಬಾರದೆ ಆಲಿಸುವ ಕಿವಿ. ದಾಸೋಹದ ಮನೆತನಗಳಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ.

ಇಷ್ಟಲಿಂಗ ಪೂಜೆಯ ನಿಯತವಾದ ಹೊತ್ತು, ಆ ಮೌನ, ಕದಡಿದ ಮನಸ್ಸಿಗೆ ಆಸರೆಯಾಗಬಲ್ಲದು. ಹಾಗೆಂದು ಹೆದರಿಕೆಯನ್ನು ಭಕ್ತಿಯ ಕೊರತೆಯೆಂದು ಹಂಗಿಸುವುದು ಅನ್ಯಾಯ. ಕಾಲು ಮುರಿದವನಿಗೆ ನಾವು ಹಾಗೆ ಅನ್ನುತ್ತೇವೆಯೆ?

ಮೊದಲು ತಾಲೂಕು ಆಸ್ಪತ್ರೆಯ ವೈದ್ಯರಲ್ಲಿ ಹೇಳಿಕೊಳ್ಳಬಹುದು. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್ ಸಂಸ್ಥೆಯಿದೆ. ಭಯದ ನೆನಪನ್ನು ಹಂತಹಂತವಾಗಿ ಎದುರಿಸಲು ಕಲಿಸುವ ಮನೋಚಿಕಿತ್ಸೆ, ಅಗತ್ಯವಿದ್ದರೆ ಔಷಧ, ಎರಡೂ ಫಲ ಕೊಡುತ್ತವೆ. ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ ೧೪೪೧೬ ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಕಣಿವೆಯ ಮನೆಯವರು ಸಿಗ್ನಲ್ಲಿಗಾಗಿ ದಿಬ್ಬ ಹತ್ತಬೇಕಾದೀತು, ಅಷ್ಟೆ. "ಬದುಕಿ ಏನು ಫಲ" ಎಂಬ ಮಾತು ಯಾರ ಬಾಯಲ್ಲಾದರೂ ಬಂದರೆ ಅವರನ್ನು ಒಂಟಿಯಾಗಿ ಬಿಡದೆ, ಅದೇ ದಿನ ವೈದ್ಯರಲ್ಲಿಗೆ ಕರೆದೊಯ್ಯಬೇಕು.